ರೇಡಿಯೊ ಸಿಟಿ ಬೆಂಗಳೂರು: ಕಾಲು ಶತಮಾನದ ಪ್ರಸಾರ, ಪೈಪೋಟಿ ಮತ್ತು ಕನ್ನಡ

ಹಿನ್ನೆಲೆ: 1935–1999

ಭಾರತದ ಮೊದಲ ಖಾಸಗಿ ಎಫ್‌ಎಂ ನಿಲಯವು 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿತೆಂಬುದು ಬಾನುಲಿಯ ಚರಿತ್ರೆಗಳಲ್ಲಿ ಒಂದು ಸಾಲಿನ ಉಲ್ಲೇಖವಾಗಿ ಉಳಿದಿದೆ. ಆದರೆ ಅಂಥ ನಿಲಯವೊಂದು ಕನ್ನಡ ನಾಡಿನಲ್ಲಿಯೇ ಮೊದಲು ಕಣ್ಣು ಬಿಟ್ಟದ್ದಕ್ಕೆ ಒಂದು ಔಚಿತ್ಯವಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಸಾಮರ್ಥ್ಯದ ಪ್ರೇಷಕವನ್ನು, ಅಂದರೆ ಧ್ವನಿಯನ್ನು ರೇಡಿಯೊ ಅಲೆಗಳಾಗಿ ಹೊರಸೂಸುವ ಯಂತ್ರವನ್ನು, ಸ್ಥಾಪಿಸಿ ಸ್ವಂತ ಉತ್ಸಾಹದಿಂದಲೇ ಪ್ರಸಾರ ನಡೆಸಿದರು. ಅದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಸರ್ಕಾರಿ ಬಾನುಲಿಗೇ ಹೆಸರಾಯಿತು. ಖಾಸಗಿ ವ್ಯಕ್ತಿಯೊಬ್ಬರ ಮನೆಯಿಂದ ಹೊರಟ ಪ್ರಸಾರಕ್ಕೆ ಕಿವಿಗೊಟ್ಟಿದ್ದ ನಾಡಿಗೆ ಖಾಸಗಿ ಬಾನುಲಿ ಅಪರಿಚಿತವೇನೂ ಆಗಿರಲಿಲ್ಲ.

ಬೆಂಗಳೂರಿನ ಆಕಾಶವಾಣಿ ನಿಲಯವು 1955ರ ನವೆಂಬರ್ 2ರಂದು ಆರಂಭವಾಯಿತು. ರಾಜಭವನ ರಸ್ತೆಯಲ್ಲಿರುವ ಅದರ ಕಟ್ಟಡವು ಹಲವು ತಲೆಮಾರುಗಳ ಸಂಗೀತಗಾರರಿಗೆ, ನಾಟಕಕಾರರಿಗೆ ಮತ್ತು ಭಾವಗೀತೆಯ ಗಾಯಕರಿಗೆ ಮೊದಲ ವೇದಿಕೆಯಾಯಿತು. ಸುದ್ದಿ, ಕೃಷಿರಂಗ, ಶಾಸ್ತ್ರೀಯ ಸಂಗೀತ, ಮಹಿಳೆಯರ ಮತ್ತು ಮಕ್ಕಳ ಕಾರ್ಯಕ್ರಮ ಎಲ್ಲವನ್ನೂ ಒಂದೇ ನಿಲಯ ಹೊರಬೇಕಾಗಿದ್ದುದರಿಂದ ಚಿತ್ರಗೀತೆಗಳಿಗೆ ಅಲ್ಲಿ ದೊರೆಯುತ್ತಿದ್ದ ಅವಕಾಶ ಮಿತವಾಗಿತ್ತು. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಅವರು ಚಿತ್ರಗೀತೆಗಳನ್ನು ಬಿಗಿಯಾಗಿ ನಿಯಂತ್ರಿಸಿದಾಗ ಕೇಳುಗರು ಗುಂಪುಗುಂಪಾಗಿ ರೇಡಿಯೊ ಸಿಲೋನಿನ ಕಡೆಗೆ ತಿರುಗಿದರು, ಆ ಕೇಳುಗರನ್ನು ಮರಳಿ ಪಡೆಯುವ ಉದ್ದೇಶದಿಂದಲೇ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಬಾನುಲಿಯಲ್ಲಿ ಕೇಳುಗನ ಇಚ್ಛೆಗೆ ಬೆಲೆ ಬಂದದ್ದು ಎದುರಾಳಿಯೊಬ್ಬ ಬಂದು ನಿಂತಾಗಲೇ ಎಂಬ ಸಂಗತಿ ಹೀಗೆ ಐವತ್ತರ ದಶಕದಲ್ಲೇ ಕಾಣಿಸಿಕೊಂಡಿತ್ತು. ಬೆಂಗಳೂರಿನ ಎಫ್‌ಎಂ ಚರಿತ್ರೆಯಲ್ಲಿ ಅದು ಇನ್ನೂ ಸ್ಪಷ್ಟವಾಗಿ ಮರುಕಳಿಸಿತು.

ಖಾಸಗಿ ಪ್ರಸಾರಕ್ಕೆ ಕಾನೂನಿನ ಬಾಗಿಲು ತೆರೆದದ್ದು 1995ರ ಫೆಬ್ರವರಿ 9ರ ಸುಪ್ರೀಂ ಕೋರ್ಟ್ ತೀರ್ಪು. ಬಂಗಾಳದ ಕ್ರಿಕೆಟ್ ಸಂಸ್ಥೆ ಮತ್ತು ಕೇಂದ್ರ ವಾರ್ತಾ ಸಚಿವಾಲಯದ ನಡುವಣ ಆ ಮೊಕದ್ದಮೆಯಲ್ಲಿ ನ್ಯಾಯಾಲಯವು ಪ್ರಸಾರ ತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು ಸಾರಿತು. ಇದರ ಬೆನ್ನಿಗೆ 1999ರಲ್ಲಿ ಪ್ರಕಟವಾದ ನೀತಿಯಂತೆ 40 ನಗರಗಳಲ್ಲಿ 108 ಎಫ್‌ಎಂ ತರಂಗಾಂತರಗಳನ್ನು ಹರಾಜಿಗೆ ಇಡಲಾಯಿತು. ಎಫ್‌ಎಂ ಎಂದರೆ ಫ್ರೀಕ್ವೆನ್ಸಿ ಮಾಡ್ಯುಲೇಶನ್: ಮಧ್ಯಮ ತರಂಗದ ಪ್ರಸಾರದಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಎತ್ತರ ಬದಲಾಗುತ್ತದೆ, ಎಫ್‌ಎಂನಲ್ಲಿ ಅಲೆಯ ಆವರ್ತನ ಬದಲಾಗುತ್ತದೆ. ಇದರಿಂದ ಗರಗರ ಸದ್ದು ತಗ್ಗಿ ಸಂಗೀತ ತಿಳಿಯಾಗಿ ಕೇಳುತ್ತದೆ, ಆದರೆ ಎಫ್‌ಎಂಗೆ ಬಳಸುವ ಹೆಚ್ಚು ಆವರ್ತನದ ಅಲೆಗಳ ವ್ಯಾಪ್ತಿ ಒಂದು ನಗರ ಮತ್ತು ಅದರ ಆಸುಪಾಸಿಗೆ ಸೀಮಿತವಾಗುತ್ತದೆ. ಈ ಮಿತಿಯೇ ಮುಂದೆ ಎಫ್‌ಎಂನ ಸ್ವಭಾವವಾಯಿತು. ಅದು ರಾಜ್ಯದ ಬಾನುಲಿಯಾಗದೆ ಊರಿನ ಬಾನುಲಿಯಾಯಿತು.

ಸ್ಥಾಪನೆ: 2001

ಹರಾಜಿನಲ್ಲಿ ಕೂಗಿದವರೆಲ್ಲರೂ ನಿಲಯ ಕಟ್ಟಲಿಲ್ಲ. ಪರವಾನಗಿ ಹತ್ತು ವರ್ಷದ್ದಾಗಿದ್ದು, ಶುಲ್ಕವು ವರ್ಷಕ್ಕೆ ಶೇ. 15ರಂತೆ ಏರುತ್ತ ಹೋಗುವ ಷರತ್ತಿದ್ದುದರಿಂದ ಅನೇಕರು ಹಿಂದೆ ಸರಿದರು. ಕೊನೆಗೆ ದೇಶದ 12 ನಗರಗಳಲ್ಲಿ 21 ನಿಲಯಗಳು ಮಾತ್ರ ಕಾರ್ಯಾರಂಭ ಮಾಡಿದವು. ಅವುಗಳಲ್ಲಿ ಮೊದಲನೆಯದೇ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಸಂಸ್ಥೆಯ ರೇಡಿಯೊ ಸಿಟಿ, ಬೆಂಗಳೂರು. ವಿದೇಶಿ ಬಂಡವಾಳಕ್ಕೆ ಆಗ ಅನುಮತಿ ಇರಲಿಲ್ಲವಾಗಿ ಸ್ಟಾರ್ ಸಂಸ್ಥೆಯು ಒಡೆತನದಲ್ಲಿ ಪಾಲು ಹೊಂದದೆ ಕಾರ್ಯಕ್ರಮ ಮತ್ತು ಪ್ರಚಾರದ ಹೊಣೆಯಲ್ಲಿ ಕೈಜೋಡಿಸಿತು. ನಿಲಯವು ಮೊದಲು ತನ್ನನ್ನು ‘91 ಎಫ್‌ಎಂ’ ಎಂದೇ ಕರೆದುಕೊಂಡಿತು. ನಂತರದ ವರ್ಷಗಳಲ್ಲಿ ಅದು 91.1 ಆಯಿತು. ಲಖನೌ, ಮುಂಬಯಿ, ದೆಹಲಿಯ ನಿಲಯಗಳು ಬೆಂಗಳೂರಿನ ನಂತರ ಒಂದೊಂದಾಗಿ ಸೇರಿಕೊಂಡವು.

ಆ ಹೊತ್ತಿನ ಬೆಂಗಳೂರನ್ನು ನೆನೆಯದೆ ಈ ನಿಲಯದ ಹುಟ್ಟು ಅರ್ಥವಾಗದು. 2001ರ ಜನಗಣತಿಯಂತೆ ನಗರ ಸಮುಚ್ಚಯದ ಜನಸಂಖ್ಯೆ ಸುಮಾರು 57 ಲಕ್ಷ; ಹತ್ತು ವರ್ಷಗಳಲ್ಲಿ ಅದು 85 ಲಕ್ಷಕ್ಕೆ ಏರಿತು. ಎಲೆಕ್ಟ್ರಾನಿಕ್ಸ್ ಸಿಟಿ ಮತ್ತು ವೈಟ್‌ಫೀಲ್ಡ್‌ಗಳಲ್ಲಿ ಎದ್ದ ತಂತ್ರಾಂಶ ಕಚೇರಿಗಳು ದಿನಕ್ಕೆ ಎರಡು ಹೊತ್ತು ರಸ್ತೆಯಲ್ಲೇ ಕಳೆಯುವ ದೊಡ್ಡ ಉದ್ಯೋಗಿ ಸಮುದಾಯವನ್ನು ಹುಟ್ಟುಹಾಕಿದವು. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿ ಉಳಿದಿದ್ದ ತರುಣ ತರುಣಿಯರಿಗೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವರಿಗೆ, ರಾತ್ರಿ ಪಾಳಿಯ ಕ್ಯಾಬ್ ಚಾಲಕರಿಗೆ ಮತ್ತು ದಿನವಿಡೀ ಅಂಗಡಿಯಲ್ಲಿ ಕುಳಿತವರಿಗೆ ಬೇಕಾಗಿದ್ದುದು ತಮ್ಮ ಊರಿನ ಹವೆ, ರಸ್ತೆ ಮತ್ತು ಮಾತುಗಳನ್ನು ಬಲ್ಲ ಒಂದು ಜೊತೆ. ಮನೆಯ ಹಜಾರದಲ್ಲಿದ್ದ ರೇಡಿಯೊ ಆ ವೇಳೆಗೆ ಕಾರು, ಆಟೊಗಳಿಗೆ ಸಾಗಿತ್ತು. ಕೆಲವೇ ವರ್ಷಗಳಲ್ಲಿ ಇಯರ್‌ಫೋನ್ ಸಿಕ್ಕಿಸಿದ ಮೊಬೈಲ್ ಫೋನಿಗೂ ಬಂತು.

ಒಂಟಿ ವರ್ಷಗಳು: 2001–2005

ಮೊದಲ ಐದು ವರ್ಷ ಬೆಂಗಳೂರಿನಲ್ಲಿ ರೇಡಿಯೊ ಸಿಟಿಗೆ ಖಾಸಗಿ ಎದುರಾಳಿ ಇರಲಿಲ್ಲ. ಎದುರಿಗಿದ್ದುದು ಆಕಾಶವಾಣಿಯೇ: 102.9ರಲ್ಲಿ ವಿವಿಧ ಭಾರತಿ, 101.3ರಲ್ಲಿ ‘ಕನ್ನಡ ಕಾಮನಬಿಲ್ಲು’ ಎಂದು ಹೆಸರಾದ ಎಫ್‌ಎಂ ರೇನ್‌ಬೋ, ಮುಂದೆ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ 100.1ರ ‘ಅಮೃತವರ್ಷಿಣಿ’. ಹೊಸ ನಿಲಯ ತಂದ ದೊಡ್ಡ ಬದಲಾವಣೆ ಮಾತಿನ ಧಾಟಿಯಲ್ಲಿತ್ತು. ಆಕಾಶವಾಣಿಯ ಉದ್ಘೋಷಕರು ಸಿದ್ಧಪಡಿಸಿದ ಬರಹವನ್ನು ಶುದ್ಧ ಉಚ್ಚಾರಣೆಯಲ್ಲಿ ಓದುತ್ತಿದ್ದರು. ರೇಡಿಯೊ ಜಾಕಿ, ಅಂದರೆ ಹಾಡುಗಳ ನಡುವೆ ಕೇಳುಗನೊಡನೆ ನೇರವಾಗಿ ಹರಟುವ ನಿರೂಪಕ, ನಗುತ್ತ, ತಡವರಿಸುತ್ತ, ಬೆಳಗಿನ ಕಾಫಿಯ ಬಗೆಗೂ ಮಳೆಯಲ್ಲಿ ನಿಂತ ಬೈಕಿನ ಬಗೆಗೂ ಮಾತಾಡುತ್ತಿದ್ದನು. ‘ಆರ್‌ಜೆ’ ಎಂಬ ಎರಡಕ್ಷರ ಒಂದು ವೃತ್ತಿಯ ಹೆಸರಾಗಿ ನಗರದ ಕಾಲೇಜುಗಳಲ್ಲಿ ಬಳಕೆಗೆ ಬಂದದ್ದು ಈ ವರ್ಷಗಳಲ್ಲಿ. ಪ್ರೇಮದ ತೊಡಕುಗಳಿಗೆ ರಾತ್ರಿ ಹೊತ್ತು ಸಲಹೆ ನೀಡುತ್ತಿದ್ದ ‘ಲವ್ ಗುರು’ ಕಾರ್ಯಕ್ರಮವು ಹೆತ್ತವರೊಡನೆ ಆಡಲಾಗದ ಮಾತನ್ನು ಅಪರಿಚಿತ ದನಿಯೊಂದಕ್ಕೆ ಹೇಳಿಕೊಳ್ಳುವ ಅವಕಾಶವನ್ನು ಯುವಜನರಿಗೆ ಒದಗಿಸಿತು.

ಆದರೆ ಈ ಘಟ್ಟದ ರೇಡಿಯೊ ಸಿಟಿ ಕನ್ನಡದ ನಿಲಯವಾಗಿರಲಿಲ್ಲ ಎಂಬುದನ್ನು ಇಂಥ ಸ್ಮರಣೆಯ ಬರಹವೂ ದಾಖಲಿಸಬೇಕಾಗುತ್ತದೆ. ಇಂಗ್ಲಿಷ್, ಹಿಂದಿ ಮತ್ತು ಕನ್ನಡ ಹಾಡುಗಳು ಬೆರೆತಿದ್ದ ಪ್ರಸಾರದಲ್ಲಿ ಮಾತಿನ ಮೇಲ್ಪದರ ಬಹುಮಟ್ಟಿಗೆ ಇಂಗ್ಲಿಷಿನದು. ಜಾಹೀರಾತುದಾರರು ಬಯಸುತ್ತಿದ್ದ ಗ್ರಾಹಕ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳ ಗ್ರಾಹಕ ಎಂಬುದು ಆಗಿನ ವ್ಯಾಪಾರದ ನಂಬಿಕೆಯಾಗಿತ್ತು. ಒಬ್ಬನೇ ಇದ್ದಾಗ ಆ ನಂಬಿಕೆಯನ್ನು ಪರೀಕ್ಷಿಸುವ ಅಗತ್ಯವೂ ಬೀಳಲಿಲ್ಲ. ಇದನ್ನು ಸ್ಥಾಪಕರ ಲೋಪವೆಂದು ಎಣಿಸುವುದಕ್ಕಿಂತ ಆ ಕಾಲದ ಮಾರುಕಟ್ಟೆಯ ತಿಳಿವಳಿಕೆಯ ಮಿತಿಯೆಂದು ನೋಡುವುದು ನ್ಯಾಯ. ಅತ್ತ ಏರುತ್ತಿದ್ದ ಪರವಾನಗಿ ಶುಲ್ಕವು ದೇಶದ ಅನೇಕ ಖಾಸಗಿ ನಿಲಯಗಳನ್ನು ನಷ್ಟಕ್ಕೆ ದೂಡಿತ್ತು. ಅಮಿತ್ ಮಿತ್ರ ಅವರ ಅಧ್ಯಕ್ಷತೆಯ ಸಮಿತಿಯೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೂಡ ನೀಡಿದ ಶಿಫಾರಸುಗಳ ಫಲವಾಗಿ 2005ರ ಜುಲೈನಲ್ಲಿ ಎರಡನೆಯ ಹಂತದ ನೀತಿ ಬಂತು. ಏರುವ ಶುಲ್ಕದ ಜಾಗದಲ್ಲಿ ಒಮ್ಮೆ ಕೊಡುವ ಪ್ರವೇಶ ಶುಲ್ಕ ಮತ್ತು ಆದಾಯದ ಶೇ. 4ರ ಪಾಲು ಎಂಬ ಏರ್ಪಾಡಾಯಿತು. 91 ನಗರಗಳಲ್ಲಿ 338 ತರಂಗಾಂತರಗಳು ಹರಾಜಿಗೆ ಬಂದವು.

ಪೈಪೋಟಿಯ ಕಾಲ: 2006–2010

2006 ಮತ್ತು 2007ರ ನಡುವೆ ಬೆಂಗಳೂರಿನ ರೇಡಿಯೊದ ಮುಳ್ಳು ತಿರುಗಿಸಿದಷ್ಟಕ್ಕೂ ಒಂದೊಂದು ಹೊಸ ನಿಲಯ ಸಿಗತೊಡಗಿತು. ಟೈಮ್ಸ್ ಬಳಗದ ರೇಡಿಯೊ ಮಿರ್ಚಿ 98.3ರಲ್ಲಿ, ಅನಿಲ್ ಅಂಬಾನಿ ಸಮೂಹದ ಬಿಗ್ ಎಫ್‌ಎಂ 92.7ರಲ್ಲಿ, ಸನ್ ಸಮೂಹದ ಎಸ್ ಎಫ್‌ಎಂ 93.5ರಲ್ಲಿ (ಇದೇ ಮುಂದೆ ರೆಡ್ ಎಫ್‌ಎಂ), ರೇಡಿಯೊ ಒನ್ 94.3ರಲ್ಲಿ, ಹಿಂದುಸ್ತಾನ್ ಟೈಮ್ಸ್ ಬಳಗದ ಫೀವರ್ 104ರಲ್ಲಿ ನೆಲೆಗೊಂಡವು. 91.9ರ ರೇಡಿಯೊ ಇಂಡಿಗೊ ಅಂತರರಾಷ್ಟ್ರೀಯ ಸಂಗೀತಕ್ಕೆ, ಎಂದರೆ ಇಂಗ್ಲಿಷ್ ಹಾಡುಗಳಿಗೆ, ತನ್ನನ್ನು ಮೀಸಲಿಟ್ಟುಕೊಂಡಿತು. ರೇಡಿಯೊ ಸಿಟಿಗೆ ಇಕ್ಕಟ್ಟು ಎದುರಾದದ್ದು ಎರಡೂ ಬದಿಯಿಂದ: ಇಂಗ್ಲಿಷ್ ಮೆಚ್ಚುವ ಕೇಳುಗನನ್ನು ಇಂಡಿಗೊ ಸೆಳೆಯಿತು, ಕನ್ನಡದ ಕೇಳುಗನನ್ನು ಮಿರ್ಚಿ, ಬಿಗ್ ಮತ್ತು ಎಸ್ ಎಫ್‌ಎಂ ಸೆಳೆದವು. ‘ಸಖತ್ ಹಾಟ್ ಮಗಾ’ ಎಂಬ ಮಿರ್ಚಿಯ ಘೋಷವಾಕ್ಯವು ಕಾಲೇಜಿನ ಕಟ್ಟೆಯ ಮೇಲಣ ಕನ್ನಡವನ್ನು ಹಾಗೆಯೇ ಪ್ರಸಾರಕ್ಕೆ ತಂದಿತು. ಗ್ರಾಂಥಿಕ ಕನ್ನಡಕ್ಕೆ ಒಗ್ಗಿದ್ದ ಹಿರಿಯರಲ್ಲಿ ಇದರ ಬಗ್ಗೆ ಅಸಮಾಧಾನವಿದ್ದುದು ಸಹಜ. ಆದರೆ ಬೆಂಗಳೂರಿನ ಬೀದಿಯ ಕನ್ನಡಕ್ಕೂ ಪ್ರಸಾರಯೋಗ್ಯತೆ ಉಂಟೆಂದು ತೋರಿಸಿಕೊಟ್ಟ ಶ್ರೇಯಸ್ಸು ಈ ಎದುರಾಳಿಗಳಿಗೆ ಸಲ್ಲಬೇಕು.

ಪೈಪೋಟಿಯ ನಡುವೆಯೇ 2006ರ ಡಿಸೆಂಬರಿನ ಕೊನೆಯಲ್ಲಿ ‘ಮುಂಗಾರು ಮಳೆ’ ತೆರೆಕಂಡಿತು. ಯೋಗರಾಜ್ ಭಟ್ ನಿರ್ದೇಶನದ ಈ ಚಿತ್ರಕ್ಕೆ ಮನೋಮೂರ್ತಿ ಸಂಗೀತ ನೀಡಿದ್ದರು, ಜಯಂತ ಕಾಯ್ಕಿಣಿ ಮತ್ತಿತರರು ಗೀತೆ ಬರೆದಿದ್ದರು, ಸೋನು ನಿಗಮ್ ಹಾಡಿದ್ದರು. ಹೊಸ ನಿಲಯಗಳಿಗೆ ಎಡೆಬಿಡದೆ ನುಡಿಸಲು ಕನ್ನಡದ ಹಾಡು ಬೇಕಾಗಿತ್ತು; ಆ ಚಿತ್ರದ ಗೀತೆಗಳಿಗೆ ದಿನವಿಡೀ ಕೇಳಿಸುವ ಜಾಗ ಬೇಕಾಗಿತ್ತು. ಕ್ಯಾಸೆಟ್ಟಿನ ಯುಗ ಮುಗಿದು ಅಂತರ್ಜಾಲದ ಸಂಗೀತ ಇನ್ನೂ ಜನರ ಕೈಗೆ ಬಾರದಿದ್ದ ಆ ನಡುಗಾಲದಲ್ಲಿ ಹಾಡೊಂದು ಜನಪ್ರಿಯವಾಗಲು ಎಫ್‌ಎಂಗಿಂತ ವೇಗದ ದಾರಿ ಇರಲಿಲ್ಲ. ಮುಂದಿನ ಕೆಲವು ವರ್ಷ ಕಾಯ್ಕಿಣಿಯವರ ಗೀತೆಗಳು, ಮನೋಮೂರ್ತಿ, ವಿ. ಹರಿಕೃಷ್ಣ, ಅರ್ಜುನ್ ಜನ್ಯ ಅವರ ಸಂಯೋಜನೆಗಳು ಹಿಂದಿ ಹಾಡುಗಳಿಗೆ ಸಮನಾಗಿ ನಗರದ ಐಟಿ ಕಚೇರಿಗಳ ವಾಹನಗಳಲ್ಲೂ ಮೊಳಗಿದವು. ಕನ್ನಡ ಹಾಡಿಗೆ ಮಾರುಕಟ್ಟೆ ಇಲ್ಲವೆಂಬ ಹಳೆಯ ವಾದ ಅಲ್ಲಿಗೆ ಬಿದ್ದುಹೋಯಿತು.

ಹಿಟ್ ಸಂಗೀತದ ನಿಲಯವೊಂದು ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸುವುದು ಅವಶ್ಯ, ಏಕೆಂದರೆ ಭಾಷೆಯ ಬದಲಾವಣೆ ನಡೆದದ್ದು ಈ ಕಾರ್ಯವಿಧಾನದೊಳಗೇ. ಅಂಥ ನಿಲಯದ ಭಂಡಾರದಲ್ಲಿ ಸಾವಿರಾರು ಹಾಡುಗಳಿದ್ದರೂ ಪ್ರಸಾರಕ್ಕೆ ಬರುವುದು ಕೆಲವೇ ನೂರು. ಸಂಗೀತ ವ್ಯವಸ್ಥಾಪಕನು ಅವುಗಳನ್ನು ಅತಿ ಹೊಸ ಜನಪ್ರಿಯ ಗೀತೆ, ಇತ್ತೀಚಿನ ಗೀತೆ, ಹಳೆಯ ನೆಚ್ಚಿನ ಗೀತೆ ಎಂದು ವರ್ಗೀಕರಿಸುತ್ತಾನೆ, ಮೊದಲ ವರ್ಗದ ಹಾಡುಗಳು ಕೆಲವು ಗಂಟೆಗಳಿಗೊಮ್ಮೆ ಮರಳಿ ಬರುವಂತೆ ಗಣಕಯಂತ್ರದ ತಂತ್ರಾಂಶ ಸರದಿ ಹಾಕುತ್ತದೆ. ಇದಕ್ಕೆ ‘ರೊಟೇಶನ್’ ಎನ್ನುತ್ತಾರೆ. ಪ್ರತಿ ಗಂಟೆಗೂ ಗಡಿಯಾರದ ಮುಖದಂತೆ ಒಂದು ನಕ್ಷೆ ಇರುತ್ತದೆ. ಗಂಟೆಯ ಆರಂಭದಲ್ಲಿ ‘ಜಿಂಗಲ್’, ಅಂದರೆ ನಿಲಯದ ಹೆಸರನ್ನು ಹಾಡಿ ಹೇಳುವ ಕೆಲವು ಕ್ಷಣಗಳ ತುಣುಕು. ಅದರ ಹಿಂದೆಯೇ ಆ ವಾರದ ಅತಿ ಜನಪ್ರಿಯ ಹಾಡು. ಆಮೇಲೆ ಆರ್‌ಜೆಯ ‘ಲಿಂಕ್’, ಎಂದರೆ ಎರಡು ಹಾಡುಗಳನ್ನು ಬೆಸೆಯುವ ಒಂದೆರಡು ನಿಮಿಷದ ಮಾತು. ನಂತರ ಹಾಡು, ಜಾಹೀರಾತಿನ ಬಿಡುವು, ರಸ್ತೆ ಸಂಚಾರದ ಮಾಹಿತಿ. ಗಾಜಿನ ಗೋಡೆಯ ಚಿಕ್ಕ ಸ್ಟುಡಿಯೊದಲ್ಲಿ ಹೆಡ್‌ಫೋನ್ ಹಾಕಿಕೊಂಡ ಆರ್‌ಜೆಯ ಎದುರು ಪರದೆಯ ಮೇಲೆ ಹಾಡಿನ ಉಳಿದ ಸೆಕೆಂಡುಗಳು ಇಳಿಯುತ್ತಿರುತ್ತವೆ, ಗಾಯಕನ ದನಿ ಆರಂಭವಾಗುವ ಮೊದಲೇ ಮಾತು ಮುಗಿಯಬೇಕು. ಇಂಥ ಗಡಿಯಾರದಲ್ಲಿ ಕನ್ನಡದ ಹಾಡಿಗೆ ಯಾವ ಸ್ಥಾನ, ಗಂಟೆಯ ಮೊದಲನೆಯದೋ ನಡುವಿನದೋ, ಎಂಬುದರಲ್ಲೇ ನಿಲಯದ ಭಾಷಾ ನೀತಿ ಅಡಗಿರುತ್ತದೆ.

ಕೇಳುಗರ ಲೆಕ್ಕ ಇಡುವ ಪದ್ಧತಿ ಈ ಪೈಪೋಟಿಯನ್ನು ಇನ್ನಷ್ಟು ಹರಿತಗೊಳಿಸಿತು. 2007ರಲ್ಲಿ ಟ್ಯಾಮ್ ಸಂಸ್ಥೆಯು ‘ರ‍್ಯಾಮ್’ ಎಂಬ ರೇಡಿಯೊ ಶ್ರೋತೃ ಮಾಪನವನ್ನು ಆರಂಭಿಸಿದಾಗ ಮುಂಬಯಿ, ದೆಹಲಿಗಳೊಡನೆ ಬೆಂಗಳೂರನ್ನೂ ಆರಿಸಿಕೊಂಡಿತು. ಆಯ್ದ ಮನೆಗಳ ಸದಸ್ಯರಿಗೆ ದಿನಚರಿ ಪುಸ್ತಕವೊಂದನ್ನು ಕೊಟ್ಟು, ಯಾವ ಹೊತ್ತಿನಲ್ಲಿ ಯಾವ ನಿಲಯ ಕೇಳಿದರು, ಎಲ್ಲಿದ್ದಾಗ ಕೇಳಿದರು ಎಂದು ಅವರಿಂದಲೇ ಗುರುತು ಹಾಕಿಸಿ ವಾರವಾರವೂ ಅಂಕಿ ಹೊರಡಿಸಲಾಗುತ್ತಿತ್ತು. ನೆನಪಿನಿಂದ ತುಂಬುವ ಪುಸ್ತಕದ ನಿಖರತೆಯ ಬಗೆಗೆ ಆಕ್ಷೇಪಗಳು ಇದ್ದೇ ಇದ್ದವು. ಆದರೂ ಕಾರ್ಯಕ್ರಮ ವಿಭಾಗಕ್ಕೂ ಜಾಹೀರಾತು ವಿಭಾಗಕ್ಕೂ ಒಪ್ಪಿಗೆಯಾಗುವ ಅಳತೆಗೋಲೊಂದು ದೊರೆತಂತಾಯಿತು. ಹಿಂದಿ ಹಾಡುಗಳ ಪ್ರಮಾಣವನ್ನು ಕುರಿತು ನಗರದ ಕನ್ನಡ ಸಂಘಟನೆಗಳೂ ಕೇಳುಗರೂ ಈ ವರ್ಷಗಳಲ್ಲಿ ಗಟ್ಟಿಯಾಗಿಯೇ ಒತ್ತಾಯ ಮಂಡಿಸಿದರು. ಕೆಲವೊಮ್ಮೆ ಮಾತು ಬಿರುಸಾದರೂ ಅದರ ಪರಿಣಾಮ ಒಳ್ಳೆಯದೇ ಆಯಿತು. ರೇಡಿಯೊ ಸಿಟಿಯು ಹಂತಹಂತವಾಗಿ ತನ್ನ ಗಡಿಯಾರದ ಮೇಲ್ಭಾಗವನ್ನು ಕನ್ನಡಕ್ಕೆ ಬಿಟ್ಟುಕೊಟ್ಟಿತು, ಬೆಳಗಿನ ಮುಖ್ಯ ಕಾರ್ಯಕ್ರಮಕ್ಕೆ ಕನ್ನಡ ಮಾತಾಡುವ ಆರ್‌ಜೆಗಳನ್ನು ತಂದಿತು. ಹೊರಗಿನ ಒತ್ತಾಯ ಮತ್ತು ವ್ಯಾಪಾರದ ವಿವೇಕ ಎರಡೂ ಒಂದೇ ದಿಕ್ಕಿಗೆ ನಡೆಸಿದ ಬದಲಾವಣೆ ಇದು.

ರಾಯಧನದ ಪ್ರಶ್ನೆ: 2008–2010

ಹಾಡನ್ನು ಪ್ರಸಾರ ಮಾಡುವ ಪ್ರತಿ ನಿಲಯವೂ ಅದರ ಹಕ್ಕುದಾರರಿಗೆ ರಾಯಧನ ಕೊಡಬೇಕು. ಆ ಮೊತ್ತವನ್ನು ಗಂಟೆಯ ಲೆಕ್ಕದಲ್ಲಿ ವಸೂಲು ಮಾಡುತ್ತಿದ್ದುದರಿಂದ ಆದಾಯ ಬಂದರೂ ಬಾರದಿದ್ದರೂ ನಿಲಯಗಳ ಮೇಲೆ ಹೊರೆ ತಪ್ಪುತ್ತಿರಲಿಲ್ಲ. ಕಡ್ಡಾಯ ಪರವಾನಗಿಯ ಬಗೆಗೆ 2008ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ವಿಷಯ ಕೃತಿಸ್ವಾಮ್ಯ ಮಂಡಳಿಗೆ ಮರಳಿತು, 2010ರ ಆಗಸ್ಟ್ 25ರ ಆದೇಶದಲ್ಲಿ ಮಂಡಳಿಯು ನಿವ್ವಳ ಜಾಹೀರಾತು ಆದಾಯದ ಶೇ. 2ರಷ್ಟನ್ನು ರಾಯಧನವೆಂದು ನಿಗದಿ ಮಾಡಿತು. ಸಂಗೀತ ಕಂಪನಿಗಳಿಗೆ ಇದು ರುಚಿಸಲಿಲ್ಲ. ಆದರೆ ಬಾನುಲಿಯಲ್ಲಿ ಪೈಪೋಟಿ ನಡೆಸುತ್ತಿದ್ದ ನಿಲಯಗಳೆಲ್ಲ ಈ ಒಂದು ವಿಷಯದಲ್ಲಿ ಒಟ್ಟಾಗಿ ನಿಂತವು.

ವಿಸ್ತರಣೆ ಮತ್ತು ಹೊಸ ಒಡೆತನ: 2011–2019

2011ರಲ್ಲಿ ಪ್ರಕಟವಾದ ಮೂರನೆಯ ಹಂತದ ನೀತಿಯು ಪರವಾನಗಿಯ ಅವಧಿಯನ್ನು 15 ವರ್ಷಕ್ಕೆ ಹೆಚ್ಚಿಸಿತು. ಖಾಸಗಿ ನಿಲಯಗಳು ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ ಎಂಬ ನಿರ್ಬಂಧ ಹಾಗೆಯೇ ಉಳಿಯಿತು, ಆಕಾಶವಾಣಿಯ ಸುದ್ದಿಯನ್ನು ಬದಲಾಯಿಸದೆ ಮರುಪ್ರಸಾರ ಮಾಡಲು ಮಾತ್ರ ಅನುಮತಿ ಸಿಕ್ಕಿತು. ರಸ್ತೆ ಸಂಚಾರ, ಹವಾಮಾನ, ಪರೀಕ್ಷೆಯ ಫಲಿತಾಂಶ, ಉದ್ಯೋಗಾವಕಾಶ, ವಿದ್ಯುತ್ತು ಮತ್ತು ನೀರಿನ ಪೂರೈಕೆ, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆ ಇವೆಲ್ಲ ಸುದ್ದಿಯ ವ್ಯಾಖ್ಯೆಗೆ ಸೇರವು ಎಂದು ನೀತಿ ಸ್ಪಷ್ಟಪಡಿಸಿತು. ನಗರವಾಸಿಯ ದೈನಂದಿನ ಬದುಕಿಗೆ ಬೇಕಾದದ್ದು ಬಹುಮಟ್ಟಿಗೆ ಈ ಪಟ್ಟಿಯಲ್ಲೇ ಇದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದ ವಿಮಾನ ನಿಲ್ದಾಣ, 2011ರ ಅಕ್ಟೋಬರಿನಲ್ಲಿ ಓಡತೊಡಗಿದ ಮೆಟ್ರೊ ಮತ್ತು ಅದರ ಕಾಮಗಾರಿಗಾಗಿ ವರ್ಷಗಟ್ಟಲೆ ತಿರುಗಿಸಿದ ರಸ್ತೆಗಳು ಸಂಚಾರದ ಮಾಹಿತಿಯನ್ನು ಹಾಡಿನಷ್ಟೇ ಮುಖ್ಯವಾಗಿಸಿದವು. ಮಳೆ ಬಂದ ಸಂಜೆ ಯಾವ ಅಂಡರ್‌ಪಾಸ್‌ನಲ್ಲಿ ನೀರು ನಿಂತಿದೆ ಎಂದು ಕೇಳುಗನೇ ಕರೆ ಮಾಡಿ ತಿಳಿಸುವ, ಮತ್ತೊಬ್ಬ ಕೇಳುಗ ದಾರಿ ಬದಲಿಸುವ ಈ ಕೊಡುಕೊಳ್ಳುವಿಕೆಯೇ ಎಫ್‌ಎಂ ನಿಲಯಗಳು ನಗರಕ್ಕೆ ಸಲ್ಲಿಸಿದ ಅತಿ ಬೆಲೆಯುಳ್ಳ ಸೇವೆ.

2015ರಲ್ಲಿ ‘ದೈನಿಕ್ ಜಾಗರಣ್’ ಪತ್ರಿಕೆಯ ಪ್ರಕಾಶಕರಾದ ಜಾಗರಣ್ ಪ್ರಕಾಶನ ಸಂಸ್ಥೆಯು ಮ್ಯೂಸಿಕ್ ಬ್ರಾಡ್‌ಕಾಸ್ಟನ್ನು ತನ್ನದಾಗಿಸಿಕೊಂಡಿತು. ಅದೇ ವರ್ಷದ ಹರಾಜಿನ ನಂತರ ರೇಡಿಯೊ ಸಿಟಿಯ ಜಾಲ 39 ನಗರಗಳಿಗೆ ಬೆಳೆಯಿತು. 2017ರ ಮಾರ್ಚಿನಲ್ಲಿ ಕಂಪನಿ ಷೇರುಪೇಟೆ ಪ್ರವೇಶಿಸಿತು. ಒಡೆತನ ಉತ್ತರ ಭಾರತದ ಪತ್ರಿಕಾ ಸಮೂಹದ ಕೈಗೆ ಹೋದರೂ ಬೆಂಗಳೂರು ನಿಲಯದ ಕನ್ನಡಕ್ಕೆ ಧಕ್ಕೆ ಬರಲಿಲ್ಲ. ಪ್ರತಿಯೊಂದು ನಗರದ ನಿಲಯವೂ ಆ ನಗರದ ಭಾಷೆಯಲ್ಲೇ ಗಳಿಸಬೇಕೆಂಬ ಪಾಠ ಹಿಂದಿನ ದಶಕದಲ್ಲೇ ಆಗಿತ್ತು.

ಪೈಪೋಟಿಯೂ ಈ ದಶಕದಲ್ಲಿ ಬೇರೆ ರೂಪ ತಾಳಿತು. ಎಲ್ಲ ನಿಲಯಗಳೂ ಒಂದೇ ಹಾಡನ್ನು ನುಡಿಸುತ್ತಿದ್ದಾಗ ವ್ಯತ್ಯಾಸ ಉಳಿದದ್ದು ಮಾತಿನಲ್ಲಿ, ಅದರಲ್ಲೂ ತಮಾಷೆಯ ಫೋನ್ ಕರೆಗಳಲ್ಲಿ. ರೆಡ್ ಎಫ್‌ಎಂನ ‘ಕಲರ್ ಕಾಗೆ’ ಮನೆಮಾತಾಯಿತು. ಇಂಡಿಗೊ ಮತ್ತು ಫೀವರ್‌ಗಳಲ್ಲಿ ಆರ್‌ಜೆಯಾಗಿದ್ದ ದಾನಿಶ್ ಸೇಠ್ ಅವರ ಪಾತ್ರವೊಂದು ಬಾನುಲಿಯಿಂದ ಎದ್ದು 2018ರ ‘ಹಂಬಲ್ ಪೊಲಿಟಿಷಿಯನ್ ನೊಗರಾಜ್’ ಚಿತ್ರದವರೆಗೂ ನಡೆಯಿತು. ವ್ಯಾಪಾರದ ಗದ್ದಲದಿಂದ ದೂರವಿದ್ದ ಜೈನ್ ಕಾಲೇಜಿನ 90.4ರ ‘ರೇಡಿಯೊ ಆಕ್ಟಿವ್’ 2007ರಿಂದ ನಡೆಸಿಕೊಂಡು ಬಂದ ಸಮುದಾಯ ಬಾನುಲಿ, ಅಂದರೆ ಲಾಭದ ಉದ್ದೇಶವಿಲ್ಲದೆ ಸ್ಥಳೀಯ ಜನರೇ ದನಿಗೂಡಿಸುವ ಪ್ರಸಾರ, ಅಂಚಿನ ಸಮುದಾಯಗಳಿಗೆ ಮೈಕು ಕೊಟ್ಟಿತು. ದೊಡ್ಡ ಹಿಟ್ ನಿಲಯಗಳು ಆ ಕೆಲಸವನ್ನು ಅಷ್ಟು ತಾಳ್ಮೆಯಿಂದ ಮಾಡಲಿಲ್ಲ. ಭಾವಗೀತೆ ಮತ್ತು ಜನಪದ ಗೀತೆಗಳಿಗೂ ಅವುಗಳ ಗಡಿಯಾರದಲ್ಲಿ ಸಿಕ್ಕ ಜಾಗ ಅತ್ಯಲ್ಪ, ಸಿ. ಅಶ್ವತ್ಥ್, ಮೈಸೂರು ಅನಂತಸ್ವಾಮಿ ಅವರನ್ನು ಕೇಳಬೇಕಾದವರು ಆಕಾಶವಾಣಿಗೇ ಮರಳಬೇಕಾಯಿತು. ಇದು ಕಾಲು ಶತಮಾನದ ಸಾಧನೆಯ ಪಕ್ಕದಲ್ಲಿ ಉಳಿದಿರುವ ನಿಜವಾದ ಕೊರತೆ.

ಇತ್ತೀಚಿನ ವರ್ಷಗಳು: 2020ರಿಂದ

2020ರ ಮಾರ್ಚಿನ ಲಾಕ್‌ಡೌನ್ ರಸ್ತೆಗಳನ್ನು ಬರಿದು ಮಾಡಿದಾಗ, ರಸ್ತೆಯನ್ನೇ ನಂಬಿದ್ದ ಎಫ್‌ಎಂ ಉದ್ಯಮದ ಜಾಹೀರಾತು ಆದಾಯ ಕುಸಿಯಿತು. ಹಾಡು ಕೇಳಲು ಮೊಬೈಲಿನ ಆ್ಯಪ್‌ಗಳಿವೆ, ದಾರಿ ತಿಳಿಯಲು ಅದೇ ಮೊಬೈಲಿನಲ್ಲಿ ನಕ್ಷೆಯಿದೆ. ಹಾಗಾಗಿ ಈಗಿನ ಎದುರಾಳಿ ಪಕ್ಕದ ತರಂಗಾಂತರದಲ್ಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಟ್ರಾಯ್ ಸಂಸ್ಥೆಯು ಖಾಸಗಿ ನಿಲಯಗಳಿಗೆ ಗಂಟೆಗೆ 10 ನಿಮಿಷ ಸುದ್ದಿ ಪ್ರಸಾರಕ್ಕೆ ಅವಕಾಶ ಕೊಡಬೇಕೆಂದೂ, ಮೊಬೈಲ್‌ಗಳಲ್ಲಿ ಎಫ್‌ಎಂ ರಿಸೀವರ್ ಸಕ್ರಿಯವಾಗಿರಬೇಕೆಂದೂ ಶಿಫಾರಸು ಮಾಡಿತು. ಸುದ್ದಿಯ ಅವಕಾಶ ದೊರೆತದ್ದೇ ಆದರೆ ಬೆಂಗಳೂರಿನ ನಿಲಯಗಳಿಗೆ ಹಾಡಿನಾಚೆಗೂ ನಗರದ ದನಿಯಾಗುವ ದಾರಿ ತೆರೆಯುತ್ತದೆ. ಆ ಸುದ್ದಿ ಕನ್ನಡದಲ್ಲಿ ಮೊದಲು ಯಾವ ನಿಲಯದಿಂದ ಹೊರಡುವುದೋ ಅದೇ ಮುಂದಿನ ದಶಕವನ್ನು ಗೆಲ್ಲುವ ಸಂಭವ ಹೆಚ್ಚು.

2026ರ ಜುಲೈ 3ಕ್ಕೆ ನಿಲಯದ ಮೊದಲ ಪ್ರಸಾರಕ್ಕೆ 25 ವರ್ಷ. ಪರವಾನಗಿಯ ನಿಯಮಗಳು ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ಕೆಲವು ತಿಂಗಳ ಮಟ್ಟಿಗೆ ಮಾತ್ರ ಉಳಿಸಿಕೊಳ್ಳಲು ಹೇಳುವುದರಿಂದ, ಬೆಂಗಳೂರಿನ ಎಫ್‌ಎಂನ ಮೊದಲ ದಶಕದ ದನಿಗಳು ಯಾವ ಸಾರ್ವಜನಿಕ ಭಂಡಾರದಲ್ಲೂ ವ್ಯವಸ್ಥಿತವಾಗಿ ಸೇರುವ ಏರ್ಪಾಡು ಇಲ್ಲ. ಮೈಸೂರಿನ ವಿಠ್ಠಲ ವಿಹಾರದ ಪ್ರಸಾರಗಳು ಕೇಳಸಿಗದಂತೆ ಇವೂ ಕಳೆದುಹೋಗಬಾರದು. ರೇಡಿಯೊ ಸಿಟಿಯಲ್ಲಾಗಲಿ, ಅದರ ಎದುರಾಳಿ ನಿಲಯಗಳಲ್ಲಾಗಲಿ ದುಡಿದವರು, ಇಷ್ಟಪಟ್ಟು ಕ್ಯಾಸೆಟ್ಟಿನಲ್ಲೋ ಮೊಬೈಲಿನಲ್ಲೋ ಮುದ್ರಿಸಿಕೊಂಡ ಕೇಳುಗರು, ತಮ್ಮಲ್ಲಿರುವ ಜಿಂಗಲ್‌ಗಳು, ಕಾರ್ಯಕ್ರಮದ ತುಣುಕುಗಳು, ಛಾಯಾಚಿತ್ರಗಳು ಮತ್ತು ಹಾಡಿನ ಪಟ್ಟಿಗಳನ್ನು ದಿನಾಂಕ ಬರೆದು ಕಾಪಿಡಬೇಕು; ನಿಲಯಗಳೆಲ್ಲ ಪೈಪೋಟಿಯನ್ನು ಬದಿಗಿಟ್ಟು ವಿಶ್ವವಿದ್ಯಾಲಯವೊಂದರ ಆಶ್ರಯದಲ್ಲಿ ಅವನ್ನು ಒಂದೆಡೆ ಸೇರಿಸುವ ಕೆಲಸವನ್ನು ಈ ಬೆಳ್ಳಿಹಬ್ಬದ ವರ್ಷದಲ್ಲೇ ಆರಂಭಿಸಬೇಕು.